ಮೂರು ಆಳಿನ ಮುಯ್ಯಿ

ಕಾರ್ತಿಕ ಕಳೆದು ಮಾರ್ಗಶಿರ ಹಿಡಿದಿತ್ತು. ಆನಂದಪುರದ ಕೆಳಗಿನ ಬಯಲಿನಲ್ಲಿ ಅರ್ಧ ಗದ್ದೆ ಕೊಯ್ಲಾಗಿ ಬೋಳಾಗಿತ್ತು, ಇನ್ನರ್ಧ ತಲೆಬಾಗಿ ನಿಂತಿತ್ತು. ಮೇಲಿನ ಗದ್ದೆಗಳಿಗೆಲ್ಲ ಯಂತ್ರ ಬಂದು ಹೋಗಿತ್ತು. ನೆಲ ಇನ್ನೂ ಹಸಿಯಿದ್ದ ತಗ್ಗಿನ ಗದ್ದೆಗಳಿಗೆ ಮಾತ್ರ ಕುಡುಗೋಲೇ ಗತಿ. ಅಂಥದೊಂದು ತಗ್ಗಿನ ಗದ್ದೆಯಲ್ಲಿ ಮಂಜಯ್ಯ ಇಬ್ಬನಿ ಆರುವ ಮೊದಲೇ ಬಗ್ಗಿದ್ದ. ಗದ್ದೆ ಅವನದಲ್ಲ, ತಂಗಿಯ ಗಂಡ ರಾಜೇಂದ್ರನದು. ಎಂಟು ವರ್ಷ ಜೈಲಿನಲ್ಲಿದ್ದು ಬಂದ ಮೊದಲ ಕೊಯ್ಲಿಗೆ ಅಂಗೈ ತುಂಬ ಗುಳ್ಳೆ ಎದ್ದಿದ್ದವು. ಇದು ಮೂರನೆಯ ಕೊಯ್ಲು. ಕೈ ಪಳಗಿತ್ತು.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ತಂಗಿ ಹಾಲಮ್ಮ ಅಂಚಿನ ಮೇಲೆ ಗಂಜಿಯ ಪಾತ್ರೆ ಇಳಿಸಿ ಕೂಗಿದಳು.

"ಅಣ್ಣಾ, ಸಾಕು ಏಳು. ಮಣ್ಣುಗೈಲೇ ಸ್ಟೇಜ್ ಹತ್ತೀಯಾ?"

"ಹತ್ಲಿ ಬಿಡೇ," ಎಂದ ರಾಜೇಂದ್ರ ಕೊಯ್ದ ಪೈರನ್ನು ಅರಿ ಹಾಕುತ್ತಲೇ. "ಮಣ್ಣುಗೈ ಇದ್ರೆ ಪೇಟೆಯವ್ರು ಇನ್ನೂ ಜಾಸ್ತಿ ಚಪ್ಪಾಳೆ ಹೊಡೀತಾರೆ. ನಾನೂ ವರ್ಷಗಟ್ಲೆ ಕೊಯ್ತಾ ಇದೀನಿ, ಒಬ್ಬನಾದ್ರೂ ಚಪ್ಪಾಳೆ ಹೊಡ್ದನಾ?"

"ನೀನೂ ಒಂದು ಸಲ ಒಳಗೆ ಹೋಗಿ ಬಾ ಬಾವ, ಹೊಡೀತಾರೆ," ಎಂದ ಮಂಜಯ್ಯ. ಮೂವರೂ ನಕ್ಕರು. ಹೀಗೆ ನಗುವುದಕ್ಕೆ ಆ ಮನೆಯಲ್ಲಿ ಎರಡು ವರ್ಷ ಹಿಡಿದಿತ್ತು.

ಕೈಕಾಲು ತೊಳೆದು, ಬಿಳಿ ಅಂಗಿ ತೊಟ್ಟು ಮಂಜಯ್ಯ ಎರಡೂವರೆಯ ಬಸ್ಸಿಗೆ ಸಾಗರಕ್ಕೆ ಹೊರಟ. ಜೈಲಿನಲ್ಲಿ ನಾಟಕ ಕಲಿಸಲು ಬರುತ್ತಿದ್ದ ತೀರ್ಥಹಳ್ಳಿಯ ಉದಯ್ ಮೇಷ್ಟ್ರು, ಬಿಡುಗಡೆಯಾದವರಲ್ಲಿ ಮೂವರನ್ನು ಹುಡುಕಿ ತೆಗೆದು ಒಂದು ಪ್ರಯೋಗ ಕಟ್ಟಿದ್ದರು. ಮೂರು ಕುರ್ಚಿ, ಮೂರು ಜನ. ವೇಷವಿಲ್ಲ, ಬಣ್ಣವಿಲ್ಲ. ತಂತಮ್ಮ ಕತೆ ತಾವೇ ಹೇಳುವುದು. ಸಹಕಾರ ಸಂಘದ ಕಾಗದಪತ್ರ ತಿದ್ದಿ ಮೂರು ವರ್ಷ ಒಳಗಿದ್ದ ಸೀತಾರಾಮಪ್ಪ ಜನರನ್ನು ನಗಿಸುತ್ತಿದ್ದ. ಸೊಸೆ ಸತ್ತ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ ಶ್ರೀಗೌರಿ ಹೆಚ್ಚು ಮಾತಾಡದೆ, ಬತ್ತಿ ಹೊಸೆಯುತ್ತ ಕೂತೇ ಜನರನ್ನು ಅಳಿಸುತ್ತಿದ್ದಳು. ಕೊನೆಯ ಕುರ್ಚಿ ಮಂಜಯ್ಯನದು.

ಸಾಗರದಲ್ಲಿ ಆ ಸಂಜೆ ಸಭಾಂಗಣ ತುಂಬಿತ್ತು. ಮಂಜಯ್ಯ ಎದ್ದು, ಪಕ್ಕದಲ್ಲಿದ್ದ ತಾಮ್ರದ ಕೊಡವನ್ನು ಸೊಂಟಕ್ಕೇರಿಸಿಕೊಂಡ.

"ಅದು ಮಳೆ ಕೈಕೊಟ್ಟ ವರ್ಷ," ಎಂದು ಶುರು ಮಾಡಿದ. "ಹಳ್ಳದಲ್ಲಿ ಕಿರುಬೆರಳಿನಷ್ಟು ನೀರು. ನೆಟ್ಟ ಸಸಿ ಬದುಕಬೇಕಾದರೆ ಪಾಳಿಯ ಮೇಲೆ ನೀರು ಬಿಟ್ಟುಕೊಳ್ಳಬೇಕು. ಅವತ್ತು ನನ್ನ ಪಾಳಿ. ಸಂಜೆ ಹೋಗಿ ನೋಡಿದರೆ ಗದ್ದೆಯ ಅಂಚು ಕಡಿದಿದೆ. ನನ್ನ ನೀರು ಪಕ್ಕದ ಗದ್ದೆಗೆ ಹರೀತಾ ಇದೆ. ಪಕ್ಕದ ಗದ್ದೆಯವನು ಅಲ್ಲೇ ನಿಂತಿದಾನೆ."

ಪ್ರತಿ ಸಲವೂ ಇಲ್ಲಿ ಕೊಡವನ್ನು ನಿಧಾನಕ್ಕೆ ಬಗ್ಗಿಸುತ್ತಿದ್ದ. ಕೆಳಗಿಟ್ಟ ಬೋಗುಣಿಗೆ ನೀರು ಸಣ್ಣಗೆ ಬೀಳುವ ಸದ್ದು ಬಿಟ್ಟರೆ ಬೇರೆ ಸದ್ದಿರುತ್ತಿರಲಿಲ್ಲ. ಕೊಡ ಖಾಲಿಯಾದ ಮೇಲೆ, "ಒಂದೇ ಏಟು," ಎನ್ನುತ್ತಿದ್ದ. "ನೀರಿಗೋಸ್ಕರ ನೀರಿನಂಥ ಮನುಷ್ಯನ ಜೀವ ತೆಗೆದೆ." ಈ ಕೊನೆಯ ಮಾತು ಉದಯ್ ಬರೆದುಕೊಟ್ಟದ್ದು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೊರಗೆ ಬಂದಾಗ ಒಬ್ಬ ಹಿರಿಯ ರೈತ ಅವನ ಕೈ ಹಿಡಿದುಕೊಂಡು, "ನೀರು ಕದಿಯೋನು ಮಗು ಬಾಯಿಂದ ಹಾಲು ಕಸ್ಕಂಡಂಗೆ ಮಾರಾಯ. ನಿನ್ನ ಜಾಗದಲ್ಲಿ ನಾನಿದ್ರೂ ಅದೇ ಮಾಡ್ತಿದ್ನೇನೋ," ಎಂದ. ಮಂಜಯ್ಯ ಕೈ ಬಿಡಿಸಿಕೊಂಡು ಬಸ್ ನಿಲ್ದಾಣದ ಕಡೆ ಬೇಗ ಬೇಗ ನಡೆದ. ಯಾರೋ ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದಿದ್ದರು. ಎರಡು ದಿನದಲ್ಲಿ ಅದು ಸುತ್ತಿ ಸುತ್ತಿ ಹೊಸನಗರದಾಚೆಯ ನಗರ ಎಂಬ ಊರಿನ ದಾರಿಯಲ್ಲಿರುವ ಅವನ ಹುಟ್ಟೂರಿಗೂ ತಲುಪಿತು.

ಐದನೆಯ ದಿನ ಬೆಳಗಿನ ಬಸ್ಸಿಗೆ ಹೂವಮ್ಮ ಬಂದಿಳಿದಳು.

ಮಂಜಯ್ಯ ಹೊರೆ ಕಟ್ಟುತ್ತಿದ್ದ. ಅಂಚಿನ ಮೇಲೆ ನಿಂತ ಹೆಂಗಸನ್ನು ಗುರುತಿಸಲು ಒಂದು ಗಳಿಗೆ ಹಿಡಿಯಿತು. ಕೋರ್ಟಿನಲ್ಲಿ ಕಂಡಾಗ ಕಪ್ಪಗಿದ್ದ ತಲೆ ಈಗ ಬಿಳಿಯಾಗಿತ್ತು. ಅವನು ಕೊಂದ ನಿಂಗಪ್ಪನ ಹೆಂಡತಿ. ಮಂಜಯ್ಯ ಹಗ್ಗ ಬಿಟ್ಟು ನಿಂತ.

ಹಾಲಮ್ಮ ಗಾಬರಿಯಲ್ಲಿ ಚೊಂಬು ತಂದು ಹಿಡಿದಳು. "ನೀರು ಕುಡೀರಿ ಅಕ್ಕಾ. ದೂರದಿಂದ ಬಂದೀರಿ."

"ನಿಮ್ಮನೆ ನೀರು ಬ್ಯಾಡ ತಂಗಿ," ಎಂದಳು ಹೂವಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ನಿನ್ನ ಮೇಲೆ ನಂಗೆ ಎಂತದೂ ಇಲ್ಲ. ಇವ್ನ ಹತ್ರ ಎರಡು ಮಾತು ಇತ್ತು."

"ಅತ್ತಿಗೆ," ಎಂದ ಮಂಜಯ್ಯ. ಹಳೆಯ ವಾಡಿಕೆಯಲ್ಲಿ ಬಾಯಿಗೆ ಬಂದ ಮಾತು. ಹೊರಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡ.

"ಮೊಬೈಲ್ನಲ್ಲಿ ನೋಡ್ದೆ. ಮಗಳು ಲಿಖಿತಾ ತೋರ್ಸಿದ್ಲು. ನೀನು ಜೀವ ತಗಂಡೆ, ಅದಕ್ಕೆ ಜೈಲಿಗೂ ಹೋದೆ. ಅದನ್ನ ಕೇಳಾಕೆ ನಾ ಬಂದಿಲ್ಲ. ಅವ್ರ ಒಳ್ಳೆ ಹೆಸ್ರು ಯಾಕೆ ತಗಂಡೆ? ಕೋರ್ಟಲ್ಲಿ ನೀ ಹೇಳ್ದೆ, ಲಾಯರು ಹೇಳಿಕೊಟ್ಟಿರಬೇಕು ಅಂದ್ಕಂಡೆ. ಈಗ ಯಾರು ಹೇಳಿಕೊಟ್ರು? ಊರೂರು ತಿರುಗಿ ಹೇಳ್ತೀಯಲ್ಲ, ಅವ್ರು ನೀರುಗಳ್ಳ ಅಂತ."

ಮಂಜಯ್ಯ ಬಗ್ಗಿ ಕೆಳಗೆ ಬಿಟ್ಟಿದ್ದ ಹಗ್ಗ ಎತ್ತಿಕೊಂಡ.

"ಅವ್ರ ಗುದ್ದಲಿ ಅವತ್ತು ಮನೇಲೇ ಇತ್ತು. ಹಿತ್ಲಲ್ಲಿ, ಸೌತೆ ಚಪ್ಪರಕ್ಕೆ ಒರಗಿಸಿಟ್ಟಿದ್ರು. ಬರಿಗೈಲಿ ಹೋದೋರು ಅಂಚು ಕಡ್ದಿದ್ದು ಹ್ಯಾಂಗೆ? ಪೊಲೀಸ್ರಿಗೂ ಹೇಳ್ದೆ, ಬರ್ಕಳ್ಳಿಲ್ಲ." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಹತ್ತು ವರ್ಷ ಆತು. ನಮ್ಮ ಪಾಳಿ ಬಂದಾಗೆಲ್ಲ ಮೇಲಿನ ಗದ್ದೆಯೋರು ಒಂದು ಆಳು ಕಾವಲು ನಿಲ್ಲಿಸ್ತಾರೆ. ತಮಾಷೆ ಅಂತೆ. 'ನಿಂಗಪ್ಪನ ಮನೆಯೋರು ಬಂದ್ರು, ಅಂಚಿನ ಕಂಡಿ ನೋಡ್ಕಳಿ' ಅಂತ ನಗ್ತಾರೆ. ನಾನೂ ನಗ್ತೀನಿ, ಎಂತ ಮಾಡದು. ಲಿಖಿತಾ ಮಾತ್ರ ಗದ್ದೆ ಕಡಿಗೇ ಬರಲ್ಲ. ಬರೋ ಭಾನುವಾರ ಹೊಸನಗರದಾಗೆ ನಿನ್ನ ಆಟ ಐತಂತಲ್ಲ. ನಮ್ಮೂರೋರೆಲ್ಲ ಬರ್ತಾರೆ. ನಾನೂ ಬರ್ತೀನಿ. ಹೇಳೋದು ಸಮ ಹೇಳು."

ಇಷ್ಟು ಹೇಳಿ ಅವಳು ಹೊರಟುಹೋದಳು. ಹಾಲಮ್ಮ ಚೊಂಬು ಹಿಡಿದುಕೊಂಡೇ ಅಣ್ಣನ ಮುಖ ನೋಡಿದಳು. "ಅವ್ರು ಹೇಳಿದ್ದು ಹೌದಾ?" ಮಂಜಯ್ಯ ಹೊರೆಯ ಹಗ್ಗ ಬಿಗಿಯುತ್ತ ಅತ್ತ ತಿರುಗಿದ.

ಹೌದು. ಹೂವಮ್ಮನಿಗೆ ಗೊತ್ತಿದ್ದುದು ಅರ್ಧ ಮಾತ್ರ.

ಆ ಸೀಮೆಯಲ್ಲಿ ನಾಟಿ ಎಂದರೆ ಮುಯ್ಯಾಳು. ನಿಮ್ಮ ಮನೆಯ ಒಬ್ಬರು ನಮ್ಮ ಗದ್ದೆಯಲ್ಲಿ ಒಂದು ದಿನ ಬಗ್ಗಿದರೆ ನಮ್ಮ ಮನೆಯ ಒಬ್ಬರು ನಿಮ್ಮ ಗದ್ದೆಯಲ್ಲಿ ಒಂದು ದಿನ ಬಗ್ಗಬೇಕು. ಅದಕ್ಕೆ ಕೂಲಿಯಿಲ್ಲ, ಬರೆದಿಡುವ ಪದ್ಧತಿಯಿಲ್ಲ. ಕಾಯಿಲೆ ಬಿದ್ದರೂ ಬದಲಿಗೆ ಒಬ್ಬರನ್ನು ಕಳಿಸಿ ಮುಯ್ಯಿ ತೀರಿಸುವುದು ಮರ್ಯಾದೆ. ಆ ವರ್ಷ ನಿಂಗಪ್ಪನ ಮನೆಯಿಂದ ಮೂರು ಆಳು ಮಂಜಯ್ಯನ ಗದ್ದೆಗೆ ಬಂದಿತ್ತು. ನಿಂಗಪ್ಪನ ಗದ್ದೆಯ ಸರದಿ ಬಂದಾಗ ಮಂಜಯ್ಯ ಆನಂದಪುರದ ಕಡೆ ಶುಂಠಿ ಪಟ್ಟೆಗೆ ಮಣ್ಣು ಏರಿಸಲು ಹೋಗಿದ್ದ. ಅಲ್ಲಿ ದಿನದ ಕೂಲಿ ಅವತ್ತೇ ಕೈಗೆ ಬರುತ್ತಿತ್ತು. ಹೇಳಿ ಹೋಗಲಿಲ್ಲ, ಬದಲಿಯನ್ನೂ ಕಳಿಸಲಿಲ್ಲ. ಸಸಿ ಬಲಿತುಹೋಗಿ ನಿಂಗಪ್ಪ ಪರದಾಡಿದ.

ವಾರದ ಮೇಲೆ ಬೇರೆಯವರ ಗದ್ದೆಯಲ್ಲಿ ಹದಿನಾಲ್ಕು ಜನ ಸಾಲಾಗಿ ನೆಡುತ್ತಿದ್ದಾಗ ಯಾರೋ ಮುಯ್ಯಿಯ ಮಾತೆತ್ತಿದರು. ನಿಂಗಪ್ಪ ಬಗ್ಗಿದಲ್ಲಿಂದಲೇ, "ಮಂಜಯ್ಯನ ಮುಯ್ಯಿ ಮಾತ್ರ ಕೇಳ್ಬ್ಯಾಡಿ ಕಣ್ರೇ. ಅವ್ನು ತೀರ್ಸೋದು ಮುಂದಿನ ಜನ್ಮದಾಗೆ, ನಮ್ಮನೆ ಎತ್ತಾಗಿ ಹುಟ್ಟಿ," ಎಂದ. ಹೆಂಗಸರು ಕೆಸರುಗೈಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕರು. ಮಂಜಯ್ಯ ಮೇಲಿನ ಅಂಚಿನಲ್ಲಿ ಸಸಿ ಹೊತ್ತು ನಿಂತಿದ್ದ. ಅವನೂ ನಕ್ಕ.

ಆ ಸಂಜೆ ಗುದ್ದಲಿ ಹಿಡಿದು ನೀರು ನೋಡಲು ಹೋದಾಗ ನಿಂಗಪ್ಪ ಎದುರಾದ. ಭುಜದ ಮೇಲೆ ಕೈಯಿಟ್ಟು, "ಬೇಜಾರಾತನಾ? ತಮಾಷೆಗೆ ಅಂದೆ ಮಾರಾಯ. ಮುಯ್ಯಿ ಬಿಡು, ಹೋಗ್ಲಿ," ಎಂದ. ಜನರ ನಗೆಯನ್ನು ಮಂಜಯ್ಯ ಹೇಗೋ ನುಂಗಿಕೊಂಡಿದ್ದ. ಭಿಕ್ಷೆ ಹಾಕಿದಂತಿದ್ದ ಈ 'ಹೋಗ್ಲಿ' ಎಂಬುದನ್ನು ನುಂಗಲಾಗಲಿಲ್ಲ. ಗುದ್ದಲಿಯ ಬೆನ್ನಿನಿಂದ ಒಂದೇ ಏಟು. ಆ ಒಂದು ಮಾತು ರಂಗದ ಮೇಲೂ ನಿಜವೇ.

ನಿಂಗಪ್ಪ ಬಿದ್ದ ಮೇಲೆ ಮಂಜಯ್ಯ ಓಡಲಿಲ್ಲ, ಕೂಗಲಿಲ್ಲ. ಮೂರು ಆಳಿನ ಮುಯ್ಯಿಗೆ ಮನುಷ್ಯನನ್ನು ಹೊಡೆದ ಎಂದು ಊರು ಹೇಳುತ್ತದಲ್ಲ ಎಂಬುದೇ ಆ ಕ್ಷಣ ಅವನ ತಲೆಗೆ ಹೊಳೆದದ್ದು. ನೀರಿಗೆ ಎಂದರೆ ಗಂಡಸಿನ ಜಗಳ. ಅದೇ ಗುದ್ದಲಿಯಿಂದ ಅಂಚು ಕಡಿದು, ತನ್ನ ಗದ್ದೆಯ ನೀರನ್ನು ತಾನೇ ನಿಂಗಪ್ಪನ ಗದ್ದೆಗೆ ತಿರುಗಿಸಿದ. ಅವನು ಅಂಚು ಕಡಿಯುತ್ತಿದ್ದಷ್ಟು ಹೊತ್ತೂ ಹಿಂದಿನಿಂದ ನಿಂಗಪ್ಪನ ಉಸಿರು ಗೊರಗೊರ ಕೇಳುತ್ತಿತ್ತು.

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ವಕೀಲರಿಗೆ ಕಡಿದ ಅಂಚು ಸಾಕಾಯಿತು. "ಹಠಾತ್ ಜಗಳ, ನೀರಿನ ವಿಷಯ" ಎಂದು ವಾದಿಸಿ ಕೊಲೆಯ ಶಿಕ್ಷೆಯನ್ನು ಹತ್ತು ವರ್ಷಕ್ಕೆ ಇಳಿಸಿದರು. ನಡತೆ ಚೆನ್ನಾಗಿದೆಯೆಂದು ಜೈಲಿನವರು ಅದನ್ನೂ ಎಂಟಕ್ಕೆ ತಂದರು. ಉದಯ್ ಮೇಷ್ಟ್ರು ಕತೆ ಕೇಳಿದಾಗ ಬಾಯಿಗೆ ಬಂದದ್ದು ಕೋರ್ಟಿನ ಕತೆಯೇ.

ಶನಿವಾರ ಅವನು ಉದಯ್‌ಗೆ ಫೋನ್ ಮಾಡಿದ. "ಮೇಷ್ಟ್ರೇ, ನನ್ನ ಕತೆ ಸ್ವಲ್ಪ ಬದಲಾಯಿಸಬೇಕಿತ್ತು."

"ನಿಮ್ಮ ಕತೆ ಮಂಜಯ್ಯನವರೇ, ನಿಮ್ಮಿಷ್ಟ. ಆದರೆ ನೀರಿನ ಜಾಗ ಮಾತ್ರ ಕೆಡಿಸಬೇಡಿ. ಇಡೀ ಪ್ರಯೋಗದ ಜೀವ ಅಲ್ಲಿದೆ. ಎಂತ ಬದಲಾವಣೆ?"

"ಸಣ್ಣದು," ಎಂದ ಮಂಜಯ್ಯ.

ಹೊಸನಗರದಲ್ಲಿ ಪರದೆಯ ಸಂದಿಯಿಂದ ನೋಡಿದ. ಮೂರನೆಯ ಸಾಲಿನಲ್ಲಿ ಹೂವಮ್ಮ, ಪಕ್ಕದಲ್ಲಿ ಲಿಖಿತಾ. ಅವರ ಹಿಂದೆ ಎರಡು ಸಾಲು ತುಂಬ ಅವನ ಊರಿನ ಮುಖಗಳು. ಅವತ್ತು ನಾಟಿಗಿದ್ದ ಹೆಂಗಸರಲ್ಲಿ ನಾಲ್ಕೈದು ಜನರನ್ನು ಹೆಸರು ಹಿಡಿದು ಹೇಳಬಲ್ಲವನಾಗಿದ್ದ. ಮೇಲಿನ ಗದ್ದೆಯ ವಿಘ್ನೇಶ್ವರ ಕಾಲು ಚಾಚಿ ಕೂತಿದ್ದ.

ಪಕ್ಕ ನಿಂತಿದ್ದ ಸೀತಾರಾಮಪ್ಪ ಅವನನ್ನು ನೋಡಿ, "ಎಂತ ಮಾರಾಯ, ಹೆಣ್ಣು ನೋಡಾಕೆ ಹೊಂಟಂಗೆ ಬೆವರ್ತೀಯ? ನಾನು ನೋಡು, ಮೋಸ ಹೋದೋರ ಮುಂದೇ ಹೇಳಿ ನಗಿಸ್ತೀನಿ," ಎಂದ.

"ನಿನ್ನ ಕತೆ ನಿಜ ಸೀತಾರಾಮಣ್ಣ."

"ನಿಜಾನಾ? ಅರ್ಧ ದುಡ್ಡಿನ ವಿಷಯ ನಾನಿನ್ನೂ ಯಾರಿಗೂ ಹೇಳಿಲ್ಲ!" ಸೀತಾರಾಮಪ್ಪ ಕಿಸಕ್ಕನೆ ನಕ್ಕ. ಮಂಜಯ್ಯನಿಗೆ ನಗು ಬರಲಿಲ್ಲ.

ಅವನ ಸರದಿ ಬಂತು. ಬೆಳಕಿನೊಳಗೆ ಹೋಗಿ ನಿಂತ. ಬಾಯಿ ತೆರೆದಾಗ ಮುಯ್ಯಿ ಎಂಬ ಪದ ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ಹೇಳಿದರೆ ಆ ಹೆಂಗಸರಿಗೆ ಅವತ್ತಿನ ನಗೆ ನೆನಪಾಗುತ್ತದೆ. ಊರು ಹತ್ತು ವರ್ಷ 'ನೀರಿನ ಜಗಳ' ಎಂದುಕೊಂಡು ಅವನಿಗೆ ಉಳಿಸಿಕೊಟ್ಟಿದ್ದ ಅಷ್ಟಿಷ್ಟು ಮರ್ಯಾದೆಯೂ ಅಲ್ಲಿಗೆ ಹೋಗುತ್ತದೆ. ಸೊಂಟದ ಮೇಲಿನ ಕೊಡ ಭಾರವಾಗಿತ್ತು.

"ಅದು ಮಳೆ ಕೈಕೊಟ್ಟ ವರ್ಷ," ಎಂದ.

ಎಂದ ಮೇಲೆ ಕತೆ ತಾನಾಗಿ ಹಳೆಯ ಜಾಡಿನಲ್ಲೇ ಹೋಯಿತು. ನೀರು ಬೋಗುಣಿಗೆ ಬಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೂವಮ್ಮನೂ ಎದ್ದಳು, ಆದರೆ ತಟ್ಟಲಿಲ್ಲ. ಮಗಳ ತೋಳು ಹಿಡಿದುಕೊಂಡು, ತಟ್ಟುವವರ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದಳು. ಅವಳು ಹಾದುಹೋದಾಗ ವಿಘ್ನೇಶ್ವರ ಪಕ್ಕದವನ ಕಿವಿಯಲ್ಲಿ ಏನೋ ಹೇಳಿ ನಕ್ಕದ್ದು ಮಂಜಯ್ಯನಿಗೆ ರಂಗದ ಮೇಲಿಂದಲೇ ಕಂಡಿತು.

ಮುಂದಿನ ವಾರ ತೀರ್ಥಹಳ್ಳಿ. ಅಲ್ಲಿ ಅವನ ಗುರುತಿನ ಒಂದು ಮುಖವೂ ಇರಲಿಲ್ಲ. ಎಲ್ಲ ಮೇಷ್ಟ್ರುಗಳು, ವಕೀಲರು, ಕಾಲೇಜಿನ ಹುಡುಗಿಯರು. ಮಂಜಯ್ಯ ಕೊಡ ಮುಟ್ಟಲಿಲ್ಲ. ಬರಿಗೈಲಿ ನಿಂತು, ಇಷ್ಟು ದಿನ ಹೇಳಿದ್ದು ಸುಳ್ಳು ಎಂದ. ಮೂರು ಆಳಿನ ಮುಯ್ಯಿ, ಹೆಂಗಸರ ನಗೆ, ಭುಜದ ಮೇಲಿನ ಕೈ, ತಾನೇ ಕಡಿದ ಅಂಚು, ಎಲ್ಲ ಹೇಳಿದ. ನಿಂಗಪ್ಪನ ಉಸಿರಿನ ಮಾತೊಂದನ್ನು ಬಿಟ್ಟ. ಅಲ್ಲಿ ಹೇಳುವುದು ಎಷ್ಟು ಸುಲಭವಾಯಿತೆಂದರೆ ಅವನಿಗೇ ಹೇಸಿಗೆಯೆನಿಸಿತು. ಆಮೇಲೆ ಬಿದ್ದ ಚಪ್ಪಾಳೆ ಸಾಗರದ್ದನ್ನೂ ಹೊಸನಗರದ್ದನ್ನೂ ಮೀರಿಸಿತು.

ಉದಯ್ ಕಣ್ಣೊರೆಸಿಕೊಳ್ಳುತ್ತ ಬಂದು ತಬ್ಬಿಕೊಂಡರು. "ಇದು ಮಂಜಯ್ಯನವರೇ! ಇದನ್ನೇ ಇಟ್ಟುಕೊಳ್ಳೋಣ. ಮುಂದಿನ ಎಲ್ಲ ಪ್ರಯೋಗಕ್ಕೂ ಇದೇ."

ಊಟಕ್ಕೆ ಅವರ ಮನೆಗೆ ಕರೆದೊಯ್ದರು. ಅವರ ತಾಯಿ ಸೀತಮ್ಮ ಎಲೆಯ ಮುಂದೆ ಕೂತು ತಾವೇ ಬಡಿಸಿದರು. "ಎಷ್ಟು ಧೈರ್ಯ ಬೇಕಪ್ಪಾ ಹಾಗೆ ಹೇಳಲಿಕ್ಕೆ. ಆ ಹೆಂಗಸು ಕೇಳಿದ್ದರೆ ಎಷ್ಟು ಸಮಾಧಾನ ಪಡುತ್ತಿದ್ದಳೋ. ಬಂದಿದ್ದಳಾ?"

"ಇಲ್ಲಮ್ಮ," ಎಂದ ಮಂಜಯ್ಯ. "ಅವ್ರು ಹೊಸನಗರಕ್ಕೆ ಬಂದಿದ್ರು."

"ಮತ್ತೆ ಅಲ್ಲಿ ಇದನ್ನ ಹೇಳಲಿಲ್ಲವಾ?"

ಎಲೆಯ ಮೇಲಿನ ಅನ್ನ ಹಾಗೇ ಉಳಿಯಿತು. ಸೀತಮ್ಮ ಮಜ್ಜಿಗೆ ಬಡಿಸಲು ಎತ್ತಿದ್ದ ಸೌಟನ್ನು ಪಾತ್ರೆಗೇ ಇಳಿಸಿದರು.

ಪುಷ್ಯದ ಮೊದಲ ವಾರ ಮಂಜಯ್ಯ ರಿಪ್ಪನ್‌ಪೇಟೆಯಲ್ಲಿ ಬಸ್ಸು ಬದಲಿಸಿ ಹೊಸನಗರಕ್ಕೆ, ಅಲ್ಲಿಂದ ನಗರದ ಬಸ್ಸು ಹಿಡಿದು ಊರ ತಿರುವಿನಲ್ಲಿ ಇಳಿದ. ಹತ್ತು ವರ್ಷದ ಮೇಲೆ ಮೊದಲ ಸಲ. ಅವನ ಗದ್ದೆ ಕೇಸಿನ ಖರ್ಚಿಗೆಂದು ಯಾವತ್ತೋ ಮಾರಿಹೋಗಿತ್ತು. ಅದರ ಪಕ್ಕದ ದಿಣ್ಣೆಯ ಮೇಲೆ ಹೂವಮ್ಮನ ಕಣ. ಒಕ್ಕಣೆ ನಡೆದಿತ್ತು. ಹರಡಿದ ಹೊರೆಗಳ ಮೇಲೆ ವಿಘ್ನೇಶ್ವರನ ಟ್ರ್ಯಾಕ್ಟರ್ ಸುತ್ತುತ್ತಿತ್ತು. ಎಂಟು ಹತ್ತು ಜನ ಕೊಕ್ಕೆಯಲ್ಲಿ ಹುಲ್ಲು ಕೊಡವಿ ಮಗುಚುತ್ತಿದ್ದರು. ಎಲ್ಲ ಮುಯ್ಯಾಳುಗಳೇ.

ಮಂಜಯ್ಯ ಕಣದ ಅಂಚಿನಲ್ಲಿ ಚಪ್ಪಲಿ ಬಿಟ್ಟ. ಆದರೆ ಒಳಗೆ ಕಾಲಿಡಲಿಲ್ಲ.

ಮೊದಲು ನೋಡಿದ್ದು ವಿಘ್ನೇಶ್ವರ. "ಓಹೋ, ಕಲಾವಿದರು! ಎಂತ, ಇಲ್ಲೂ ಉಂಟಾ ಆಟ? ಟಿಕೆಟ್ ಎಷ್ಟು?" ಎಂದು ಕೂಗಿದ. ಒಬ್ಬಿಬ್ಬರು ನಕ್ಕರು. ಹೂವಮ್ಮ ಸೊಂಟ ನೆಟ್ಟಗೆ ಮಾಡಿಕೊಂಡು ನಿಂತಳು.

"ಟ್ರ್ಯಾಕ್ಟರ್ ನಿಲ್ಸಿ ಒಂದು ಗಳಿಗೆ," ಎಂದ ಮಂಜಯ್ಯ. "ಎಲ್ಲರಿಗೂ ಕೇಳ್ಬೇಕು."

ವಿಘ್ನೇಶ್ವರ ಹೂವಮ್ಮನ ಮುಖ ನೋಡಿದ. ಅವಳು ಏನೂ ಹೇಳದಿದ್ದುದಕ್ಕೆ ಎಂಜಿನ್ ಆರಿಸಿದ.

ತೀರ್ಥಹಳ್ಳಿಯಲ್ಲಿ ಸಲೀಸಾಗಿ ಬಂದ ಮಾತು ಇಲ್ಲಿ ತುಂಡು ತುಂಡಾಗಿ ಬಂತು. ಮುಯ್ಯಿಯಿಂದ ಶುರುಮಾಡಿ ನಡುವೆ ಶುಂಠಿಗೆ ಹೋದ, ಮತ್ತೆ ಹಿಂದೆ ಬಂದ, ನಿಂಗಪ್ಪ 'ಹೋಗ್ಲಿ ಬಿಡು' ಅಂದದ್ದನ್ನು ಹೇಳುವಾಗ ತಡವರಿಸಿದ. "ನಿಂಗಣ್ಣ ನೀರು ಕದ್ದಿಲ್ಲ," ಎಂದ. "ಅಂಚು ಕಡ್ದಿದ್ದು ನಾನು. ಹೊಡ್ದ ಮೇಲೆ ಕಡ್ದೆ. ನೀವೆಲ್ಲ ನಕ್ರಿ ಅಂತ ಹೊಡ್ದೆ ಅಂತ ಹೇಳಾಕೆ ನಾಚ್ಕೆ ಆತು, ಅದಕ್ಕೆ."

ಅವತ್ತು ನಕ್ಕವರಲ್ಲಿ ಒಬ್ಬಳು ಕೊಕ್ಕೆ ಕೆಳಗಿಟ್ಟು ಸೆರಗು ಮುಖಕ್ಕೆ ಮುಚ್ಚಿಕೊಂಡಳು. ವಿಘ್ನೇಶ್ವರ ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತ ಕೂತ. ಮನೆಯ ಕಡೆಯಿಂದ ಚಹಾದ ಪಾತ್ರೆ ಹಿಡಿದು ಬಂದಿದ್ದ ಲಿಖಿತಾ ಅಲ್ಲೇ ನಿಂತಿದ್ದಳು.

ಹೂವಮ್ಮ ಎರಡು ಹೆಜ್ಜೆ ಮುಂದೆ ಬಂದಳು. "ಹೊಡ್ದ ಮೇಲೆ ಕಡ್ದೆ ಅಂದ್ಯಲ್ಲ. ಆಗ ಜೀವ ಇತ್ತಾ?"

ಮಂಜಯ್ಯನಿಗೆ ಇದೊಂದನ್ನು ಯಾರೂ ಕೇಳಲಾರರು ಎಂಬ ಧೈರ್ಯವಿತ್ತು. ಇಲ್ಲ ಎಂದು ತಲೆಯಾಡಿಸುವುದು ಬಹಳ ಸುಲಭವಿತ್ತು. ಅವಳಿಗೂ ಅದೇ ಹಿತವಾಗುತ್ತಿತ್ತೋ ಏನೋ. ಅವಳು ಕಣ್ಣು ಕೀಳದೆ ನೋಡುತ್ತಿದ್ದಳು.

"ಇತ್ತು," ಎಂದ. "ಉಸ್ರು ಕೇಳ್ತಿತ್ತು."

"ಎಷ್ಟು ಹೊತ್ತು?"

"ಕಂಡಿ ಕಡ್ದು ಮುಗಿಯೋ ತಂಕ. ಆಮೇಲೆ ನಾ ಹೋಗ್ಬಿಟ್ಟೆ."

ಹೂವಮ್ಮ ಕೂತುಬಿಡುತ್ತಾಳೆಂದು ಲಿಖಿತಾ ಪಾತ್ರೆ ಇಟ್ಟು ಓಡಿ ಬಂದಳು. ಹೂವಮ್ಮ ಕೂರಲಿಲ್ಲ. ಮಗಳ ಕೈಯನ್ನು ಮೆಲ್ಲಗೆ ಬಿಡಿಸಿದಳು. ಆಮೇಲೆ ವಿಘ್ನೇಶ್ವರನ ಕಡೆ ತಿರುಗಿ, "ಕೇಳಿಸ್ತಾ ಒಡೇರೇ?" ಎಂದಳು.

"ಕೇಳಿಸ್ತು ಹೂವಮ್ಮ," ಎಂದ ಅವನು. ತಲೆ ಎತ್ತಲಿಲ್ಲ. "ಇನ್ನು ಮೇಲೆ ಕಾವಲು ನಿಲ್ಲಿಸುವುದಿಲ್ಲ."

ಮಂಜಯ್ಯ ಹೆಗಲ ಟವೆಲ್ ತಲೆಗೆ ಸುತ್ತಿಕೊಂಡ. ಕಣದ ಅಂಚಿಗೆ ಬಿದ್ದಿದ್ದ ಒಂದು ಕೊಕ್ಕೆಯನ್ನು ಎತ್ತಿಕೊಂಡು, ಒಳಗೆ ಬರಲೋ ಎಂಬಂತೆ ಹೂವಮ್ಮನನ್ನು ನೋಡಿದ. "ಅತ್ತಿಗೆ, ಮೂರು ಆಳು ಬಾಕಿ ಐತೆ. ಇವತ್ತು, ನಾಳೆ, ನಾಡಿದ್ದು ಇರ್ತೀನಿ. ಊಟ ಬ್ಯಾಡ. ಹೊಸನಗರದಾಗೆ ಮಲಗಿ ಬೆಳಗ್ಗೆ ಬಸ್ಸಿಗೆ ಬರ್ತೀನಿ. ಮುಯ್ಯಿ ತೀರ್ಸಾಕೆ ಬಿಡಿ."

ಹೂವಮ್ಮ ಹತ್ತಿರ ಬಂದು ಅವನ ಕೈಯಿಂದ ಕೊಕ್ಕೆ ತೆಗೆದುಕೊಂಡಳು. ಕಿತ್ತುಕೊಂಡದ್ದಲ್ಲ, ಪಕ್ಕದವರ ಕೈಯಿಂದ ಕೆಲಸದ ನಡುವೆ ಹತಾರ ತೆಗೆದುಕೊಂಡ ಹಾಗೆ.

"ಅವ್ರು 'ಹೋಗ್ಲಿ ಬಿಡು' ಅಂದಿದ್ರಲ್ಲ," ಎಂದಳು. "ನಾನು ಅನ್ನಲ್ಲ. ಮೂರು ದಿನ ಹುಲ್ಲು ಕೊಡವಿ ಬೆವರು ಒರೆಸ್ಕಂಡು 'ತೀರ್ತು' ಅಂತ ನೀ ಬಸ್ ಹತ್ತೋದು ಬ್ಯಾಡ. ನೀ ಹೇಳ್ದೆ, ಅಷ್ಟು ಸಾಕು. ಆ ಬಾಕಿ ಇರ್ಲಿ ನಿನ್ನ ತಲೆ ಮ್ಯಾಲೆ."

ಅವಳು ಹಿಂದಕ್ಕೆ ಹೋಗಿ ಸಾಲಿನಲ್ಲಿ ತನ್ನ ಜಾಗದಲ್ಲಿ ನಿಂತಳು. ವಿಘ್ನೇಶ್ವರ ಎಂಜಿನ್ ಹಚ್ಚಿದ. ಲಿಖಿತಾ ಚಹಾ ಬಗ್ಗಿಸುತ್ತ ಒಬ್ಬೊಬ್ಬರಿಗೂ ಲೋಟ ಕೊಡುತ್ತ ಬಂದಳು. ಕಣದ ಅಂಚಿನ ತನಕ ಬಂದು, ಮಂಜಯ್ಯನ ಎದುರು ಒಂದು ಗಳಿಗೆ ನಿಂತು, ಲೋಟ ಕೊಡದೆ ತಿರುಗಿದಳು. ಮಂಜಯ್ಯ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಚಪ್ಪಲಿ ಮೆಟ್ಟಿ ದಿಣ್ಣೆ ಇಳಿಯತೊಡಗಿದ. ಹನ್ನೊಂದೂಕಾಲರ ಬಸ್ಸಿಗೆ ಇನ್ನೂ ಹೊತ್ತಿತ್ತು.